ಹಾಕಿರ್ತಾರೆ ಬಿಡು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರದ ಒಂದು ಹಳ್ಳಿ. ತೋಟದಲ್ಲಿ ನಿಂತರೆ ನಂದಿ ಬೆಟ್ಟ ಕಾಣುತ್ತದೆ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ವಿಮಾನದ ಸದ್ದಿಗೆ ನಮ್ಮ ಕಡೆ ದನಗಳೂ ತಲೆ ಎತ್ತುವುದಿಲ್ಲ. ನಾನು ಮಾತ್ರ ಎತ್ತುತ್ತೇನೆ. ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸದಲ್ಲೇ ವಯಸ್ಸು ಕಳೆದವನು ನಾನು.

ಹೋದ ಬೇಸಿಗೆಯಲ್ಲಿ ನಮ್ಮ ದ್ರಾಕ್ಷಿ ತೋಟದ ಡ್ರಿಪ್ ಫಿಲ್ಟರಿನ ಮುಚ್ಚಳ ಸೀಳಿತ್ತು. ಹೊಸದು ಹಾಕಲು ಹುಡುಗನೊಬ್ಬ ಬಂದ. ಹತ್ತು ನಿಮಿಷದ ಕೆಲಸ. ಜಾಲರಿ ತೊಳೆದ, ಮುಚ್ಚಳ ಕೂರಿಸಿದ, ಕ್ಲ್ಯಾಂಪ್ ಬಿಗಿದ. ಮೋಟರ್ ಹಾಕಿದ್ದೇ ತಡ, ಮುಚ್ಚಳದ ಸುತ್ತಲೂ ನೀರು ಛತ್ರಿ ಬಿಚ್ಚಿದ ಹಾಗೆ ಚಿಮ್ಮಿತು. ಒಳಗಿನ ರಬ್ಬರ್ ರಿಂಗೇ ಇಲ್ಲ. "ಹೊಸ ಮುಚ್ಚಳ ಅಲ್ವಾ ಅಣ್ಣ, ರಿಂಗ್ ಹಾಕೇ ಕಳಿಸಿರ್ತಾರೆ ಅಂದ್ಕೊಂಡೆ" ಅಂದ, ತಲೆಯಿಂದ ನೀರು ಇಳಿಸಿಕೊಳ್ಳುತ್ತಾ.

ನಾನು ಬೈಯಲಿಲ್ಲ. ಇದೇ ಮಾತಿನಿಂದ ಒಂದು ದೊಡ್ಡ ವಿಮಾನದ ಮೂರೂ ಎಂಜಿನ್ ನಿಂತುಹೋದ ಕಥೆ ನನಗೆ ಗೊತ್ತಿತ್ತು.

1983ರ ಮೇ 5. ಅಮೆರಿಕದ ಮಯಾಮಿಯಿಂದ ಬಹಾಮಾಸ್ ದ್ವೀಪಗಳ ಕಡೆಗೆ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್ ವಿಮಾನ ಹೊರಟಿತ್ತು. ಒಳಗೆ 172 ಜನ. ಹಿಂದಿನ ರಾತ್ರಿ ಮೂರೂ ಎಂಜಿನ್ನುಗಳ ಚಿಪ್ ಡಿಟೆಕ್ಟರ್ ಬದಲಾಯಿಸಿದ್ದರು. ಇದೊಂದು ಅಯಸ್ಕಾಂತದ ಬಿರಡೆ, ಅಷ್ಟೇ. ಎಂಜಿನ್ ಆಯಿಲ್‌ನಲ್ಲಿ ಕಬ್ಬಿಣದ ಚೂರು ತೇಲಿ ಬಂದರೆ ಹಿಡಿದುಕೊಳ್ಳುತ್ತದೆ. ಅದನ್ನು ತೆಗೆದು ನೋಡಿದರೆ ಒಳಗಿನ ಬೇರಿಂಗ್ ಸವೆಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅಂದರೆ ಎಂಜಿನ್ ಚೆನ್ನಾಗಿರಲಿ ಅಂತಲೇ ಮಾಡುವ ಕೆಲಸ ಇದು.

ಬಿರಡೆಯ ಜೊತೆ ರಬ್ಬರಿನ ಓ ರಿಂಗ್ ಹಾಕಬೇಕು. ಇಲ್ಲದಿದ್ದರೆ ಆಯಿಲ್ ಸೋರುತ್ತದೆ. ದಿನಾ ಆ ಮೆಕ್ಯಾನಿಕ್‌ಗಳು ಬಿರಡೆ ತೆಗೆದುಕೊಳ್ಳುತ್ತಿದ್ದುದು ಫೋರ್‌ಮನ್ ಬೀರುವಿನಿಂದ. ಅಲ್ಲಿ ರಿಂಗ್ ಹಾಕಿ ಸಿದ್ಧವಾಗಿಯೇ ಇಟ್ಟಿರುತ್ತಿದ್ದರು. ಆ ರಾತ್ರಿ ಬೀರು ಖಾಲಿ. ಸ್ಟೋರಿನಿಂದ ತಂದರು. ಸ್ಟೋರಿನದು ಬರೀ ಬಿರಡೆ, ರಿಂಗ್ ಬೇರೆ. ಆದರೆ ಪ್ಯಾಕೆಟ್ಟಿನ ಮೇಲೆ ಬಳಸಲು ಸರಿಯಿದೆ ಅನ್ನುವ ಚೀಟಿ ಇತ್ತು. ಹೊಸ ರಿಂಗ್ ಹಾಕಬೇಕು ಅಂತ ಕೆಲಸದ ಕಾರ್ಡಿನಲ್ಲೂ ಬರೆದಿತ್ತು. ಅದರ ಕೆಳಗೆ ಸಹಿಯೂ ಬಿತ್ತು! ಸೋರಿಕೆ ಇದೆಯಾ ಅಂತ ಎಂಜಿನ್ ತಿರುಗಿಸಿಯೂ ನೋಡಿದರು. ಸುಮಾರು ಹತ್ತು ಸೆಕೆಂಡ್. ಅಷ್ಟರಲ್ಲಿ ಆಯಿಲ್ ಹೊರಗೆ ಬರುವುದಿಲ್ಲ.

ಬೆಳಿಗ್ಗೆ ಆಕಾಶದಲ್ಲಿ ಒಂದು ಎಂಜಿನ್ನಿನ ಆಯಿಲ್ ಪ್ರೆಷರ್ ಬಿತ್ತು. ಅದನ್ನು ನಿಲ್ಲಿಸಿ ಮಯಾಮಿಗೆ ತಿರುಗಿದರು. ಆಮೇಲೆ ನೋಡಿದರೆ ಆಯಿಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು ಮೂರೂ ಎಂಜಿನ್ನಿಗೆ ಸೊನ್ನೆಗೆ ಬಂದಿದೆ. ಮೂರೂ ಒಟ್ಟಿಗೆ ಕೆಡೋದುಂಟೇ, ಮೀಟರೇ ಕೆಟ್ಟಿರಬೇಕು ಅಂದುಕೊಂಡರು ಪೈಲಟ್‌ಗಳು. ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ನಿಂತಿತು, ಆಮೇಲೆ ಮತ್ತೊಂದು. ಸುಮಾರು 13,000 ಅಡಿಯಿಂದ ಸಮುದ್ರದ ಕಡೆಗೆ ಸುಮ್ಮನೆ ಜಾರಿಕೊಂಡು ಬಂತು ವಿಮಾನ. ಮೊದಲು ತಾವೇ ನಿಲ್ಲಿಸಿದ್ದ ಎಂಜಿನ್ 4,000 ಅಡಿಯ ಹತ್ತಿರ ಮತ್ತೆ ಹತ್ತಿಕೊಂಡಿತು. ನಮ್ಮ ನಂದಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ 4,851 ಅಡಿ. ಅದಕ್ಕಿಂತ ಕೆಳಗೆ, ಕಾಲಡಿ ಬರೀ ನೀರು. ಆ ಒಂದೇ ಎಂಜಿನ್ನಿನಲ್ಲಿ ಮಯಾಮಿ ಮುಟ್ಟಿದರು. ಎಲ್ಲರೂ ಉಳಿದರು.

ವಿಮಾನಕ್ಕೆ ಎಂಜಿನ್ ಜಾಸ್ತಿ ಇಡುವುದೇ ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಆದರೆ ಒಂದೇ ರಾತ್ರಿ, ಒಂದೇ ಸ್ಟೋರಿನ ಸಾಮಾನು, ಒಂದೇ ನಂಬಿಕೆ ಎಲ್ಲಾ ಎಂಜಿನ್ನಿಗೂ ಹೋದರೆ ಲೆಕ್ಕಕ್ಕೆ ಅವು ಮೂರಲ್ಲ, ಒಂದೇ.

1995ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಹಾರುವ ಹಿಂದಿನ ರಾತ್ರಿ ಒಂದು ಬೋಯಿಂಗ್ 737ರ ಎರಡೂ ಎಂಜಿನ್ನಿಗೆ ಬೋರ್‌ಸ್ಕೋಪ್ ಇಳಿಸಿ ನೋಡಿದ್ದರು. ನಮ್ಮ ಕಡೆ ಕೊಳವೆ ಬಾವಿಗೆ ಕ್ಯಾಮೆರಾ ಬಿಟ್ಟು ನೋಡುತ್ತಾರಲ್ಲ, ಅದೇ ಥರ. ಶುರು ಮಾಡಿದವರು ಒಬ್ಬರು, ಬಾಯಿಮಾತಿನಲ್ಲಿ ವಹಿಸಿಕೊಂಡು ಮುಗಿಸಿದವರು ಇನ್ನೊಬ್ಬರು. ನಡುವೆ ಹತ್ತಾರು ಬೇರೆ ಕೆಲಸಕ್ಕೆ ಕರೆ. ಎರಡೂ ಎಂಜಿನ್ನಿನ ಒಂದೊಂದು ಮುಚ್ಚಳ ವಾಪಸ್ ಕೂರಲಿಲ್ಲ. ವಿಮಾನ ಹಾರಿತು, ಆಯಿಲ್ ಸುರಿಯಿತು. ಲ್ಯೂಟನ್‌ನಲ್ಲಿ ಅವಸರವಾಗಿ ಇಳಿಸಿದರು.

ಈಗ ಎರಡೇ ಎಂಜಿನ್ನಿನಲ್ಲಿ ಸಮುದ್ರ ದಾಟುವ ವಿಮಾನಗಳಿಗೆ ಒಂದು ಕಟ್ಟುಪಾಡು ಇದೆ. ಒಂದೇ ಸಲಕ್ಕೆ ಎರಡೂ ಎಂಜಿನ್ನಿನ ಒಂದೇ ಥರದ ಕೆಲಸವನ್ನು ಸಾಧ್ಯವಾದಷ್ಟೂ ಒಬ್ಬನ ಕೈಗೆ ಕೊಡಬಾರದು. ಕೊಡಲೇಬೇಕಾದರೆ ಇನ್ನೊಬ್ಬ ಬಂದು ನೋಡಬೇಕು. ಕೆಲಸಗಾರ ಕೆಟ್ಟವನು ಅಂತಲ್ಲ. ಕೈಗೆ ಚೆನ್ನಾಗಿ ಪಳಗಿದ ಕೆಲಸದಲ್ಲೇ ಕಣ್ಣು ನಿದ್ದೆ ಹೋಗುತ್ತದೆ. ಹೊಸಬ ಮ್ಯಾನ್ಯುಯಲ್ ತೆರೆದು ಓದುತ್ತಾನೆ. ಇಪ್ಪತ್ತು ವರ್ಷದವನು ತೆರೆಯುವುದೇ ಇಲ್ಲ. ನಾನೂ ತೆರೆಯುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನನ್ನದೂ ಒಂದು ರಾತ್ರಿ ಇದೆ. ಬೆಳಗಿನ ಜಾವ ಮೂರು ಗಂಟೆ ಇರಬೇಕು. ಆಯಿಲ್ ಫಿಲ್ಟರ್ ಮುಚ್ಚಳ ಹಾಕಿ, ಎಂಜಿನ್ನಿನ ಹೊರ ಬಾಗಿಲು ಮುಚ್ಚಿ ಚಹಾಕ್ಕೆ ಹೋದೆ. ಲೋಟ ಬಾಯಿಗಿಡುವಾಗ ಕೊನೆಯ ಬೋಲ್ಟಿಗೆ ಟಾರ್ಕ್ ಸ್ಪ್ಯಾನರ್ ಹಾಕಿದ್ದು ನೆನಪಿಗೇ ಬರಲಿಲ್ಲ. ಬಿಗಿ ಸರಿಯಾದಾಗ ಆ ಸ್ಪ್ಯಾನರ್ ಮಾಡುವ ಕಟಕ್ ಸದ್ದು ಕಿವಿಯಲ್ಲಿತ್ತು. ಆದರೆ ಅದು ಇವತ್ತಿನದಾ, ನಿನ್ನೆಯದಾ? ಚಹಾ ಅಲ್ಲೇ ಬಿಟ್ಟು ಹೋಗಿ ಬಾಗಿಲು ಮತ್ತೆ ತೆಗೆಸಿದೆ. ಸೂಪರ್‌ವೈಸರ್ ಗಡಿಯಾರ ನೋಡುತ್ತಾ ನಿಂತರು. ಜೊತೆಯ ಹುಡುಗನನ್ನೇ ಕರೆದು ಎಲ್ಲಾ ಬೋಲ್ಟಿಗೂ ಸ್ಪ್ಯಾನರ್ ಹಾಕಿಸಿದೆ. ಬಿಗಿದೇ ಇತ್ತು.

ವಿಮಾನ ನಲವತ್ತು ನಿಮಿಷ ತಡವಾಗಿ ಹೊರಟಿತು. ಸೂಪರ್‌ವೈಸರ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನಂತೂ ಅವತ್ತು ಬೆಳಿಗ್ಗೆ ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ನಮಸ್ಕಾರ.