ಹುಳದ ಮುಖ ನೋಡಿ ಮಣೆ ಹಾಕಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲಿದ್ದೇನೆ. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: 'ಅಂಬರ್ ಒಳಗಿರೋ ಹುಳಕ್ಕೆ ಹೆಸರಿಡೋಕೆ ವಿಜ್ಞಾನಿಗಳು ಯಾಕಿಷ್ಟು ಒದ್ದಾಡ್ತಾರೆ ಸಾರ್? ಫೋಟೊ ತೆಗೆದ್ರೆ ಆ್ಯಪೇ ಹೇಳುತ್ತಲ್ಲ!' ಅದಕ್ಕೆ ನನ್ನ ವಿಡಿಯೊಗಿಂತ ಜಾಸ್ತಿ ಲೈಕ್. ಅಂಬರ್ ಅಂದರೆ ಕೋಟ್ಯಂತರ ವರ್ಷದ ಹಿಂದೆ ಮರದಿಂದ ಸೋರಿ ಗಟ್ಟಿಯಾದ ರಾಳ; ಹುಳ ಅದರಲ್ಲಿ ಸಿಕ್ಕಿಕೊಂಡು ಹಾಗೇ ಉಳಿದಿರುತ್ತದೆ.

ನನ್ನದು ಒಂದೇ ಮಾತು. ಹುಳದ ಮುಖ ನೋಡಿ ಮಣೆ ಹಾಕಬೇಡಿ. ಸೊಂಟ ನೋಡಿ, ರೆಕ್ಕೆ ನೋಡಿ, ಕೀಲು ನೋಡಿ.

ಮೈಮಾರಿಡೇ, ಮೈಮರೊಮ್ಯಾಟಿಡೇ ಅಂತ ಎರಡು ಕಣಜದ ಕುಟುಂಬಗಳಿವೆ. ಹೆಸರು ಹೇಳುವಾಗ ನಾಲಿಗೆ ಹೊರಳಿದರೆ ಕ್ಷಮಿಸಿ. ಎರಡರಲ್ಲೂ ಹೆಚ್ಚಾಗಿ ಒಂದು ಮಿಲಿಮೀಟರ್ ಕೂಡ ಇಲ್ಲದ ಹುಳಗಳು, ರೆಕ್ಕೆಯಂಚಿಗೆ ಉದ್ದ ಕೂದಲು. ನೋಡಿದರೆ ಒಂದೇ ಮನೆಯವು ಅನಿಸುತ್ತದೆ. ಆದರೆ ಮೈಮರೊಮ್ಯಾಟಿಡೇ ತಲೆಯ ಹಿಂಭಾಗದಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಪೊರೆ ಇರುತ್ತದೆ. ಸಣ್ಣ ಸೊಂಟದಲ್ಲಿ ಎರಡು ಗೆಣ್ಣು. ಹಿಂದಿನ ರೆಕ್ಕೆ ಸುಮ್ನೆ ಒಂದು ಮೋಟು ಕಡ್ಡಿ. ಇದೆಲ್ಲ ಕಾಣಬೇಕಾದರೆ ಅಂಬರನ್ನು ಹುಳದ ಹತ್ತಿರದವರೆಗೂ ಉಜ್ಜಿ, ಪಾಲಿಶ್ ಮಾಡಿ, ತಿರುಗಿಸಿ ತಿರುಗಿಸಿ ನೋಡಬೇಕು. ನಡುವೆ ಒಂದು ಗಾಳಿಗುಳ್ಳೆ ಅಡ್ಡ ಬಂದರೆ ಮುಗಿಯಿತು, ಮೈಕ್ರೊ ಸಿಟಿ ಸ್ಕ್ಯಾನೇ ಗತಿ. ನಿಮ್ಮ ಆ್ಯಪ್ ಸೊಂಟದ ಗೆಣ್ಣು ಎಣಿಸುತ್ತದಾ? ಬೆಲ್ ಐಕಾನ್ ಒತ್ತಿ, ಯೋಚನೆ ಮಾಡಿ ಹೇಳಿ.

ಮುಖ ನೋಡಿದರೆ ಏನಾಗುತ್ತದೆ ಗೊತ್ತಾ? 2017ರಲ್ಲಿ ಮ್ಯಾನ್ಮಾರ್ ಅಂಬರಿನ ಒಂದು ಹುಳಕ್ಕೆ ಈಥಿಯೊಕ್ಯಾರೀನಸ್ ಅಂತ ಹೆಸರಿಟ್ಟರು. ಸುಮಾರು 10 ಕೋಟಿ ವರ್ಷ ಹಳೆಯದು. ತ್ರಿಕೋನದ ತಲೆ, ಉಬ್ಬಿದ ಕಣ್ಣು. ಇಂಥ ತಲೆ ಯಾವ ಹುಳಕ್ಕೂ ಇಲ್ಲ ಅಂತ ಅದಕ್ಕಾಗಿಯೇ ಹೊಸ ಗಣವನ್ನೇ, ಅಂದರೆ ಕುಟುಂಬಕ್ಕಿಂತ ದೊಡ್ಡ ಗುಂಪನ್ನೇ, ಮಾಡಿದರು. ಆಮೇಲೆ ಬೇರೆಯವರು ನೋಡಿ, 'ಇದು 2016ರಲ್ಲೇ ಹೆಸರಿಟ್ಟ ಏಲಿಯನಾಪ್ಟೆರಾ ಗುಂಪಿನದು ಕಣ್ರೀ' ಅಂದರು. ಜಿರಳೆಯ ನಂಟರ ಕಡೆಯದು!

ಇನ್ನೊಂದು, ಹುಳ ಅಲ್ಲ, ಆದರೂ ಹೇಳುತ್ತೇನೆ. ಚಾನೆಲ್ ನನ್ನದು. 2020ರ ಮಾರ್ಚ್‌ನಲ್ಲಿ ಅದೇ ಮ್ಯಾನ್ಮಾರ್ ಅಂಬರಿನ ಪುಟ್ಟ ತಲೆಬುರುಡೆ 'ನೇಚರ್' ಪತ್ರಿಕೆಯ ಮುಖಪುಟಕ್ಕೆ ಬಂತು. ಅತಿ ಚಿಕ್ಕ ಡೈನೋಸಾರ್ ಹಕ್ಕಿ ಅಂತ. ಜುಲೈನಲ್ಲಿ ಲೇಖನ ವಾಪಸ್. ಅದು ಹಲ್ಲಿ ಜಾತಿಯದು! ಕೊಕ್ಕಿನ ಹಾಗಿರುವ ಮೂತಿ ನೋಡಿ ಮೋಸ ಹೋದರು. ಮೂತಿ ನೋಡಿ, ಸ್ವಾಮಿ!

ಈಗ ಬುದ್ಧಿವಂತರು ಬರುತ್ತಾರೆ. 'ದೊಡ್ಡ ವಿಜ್ಞಾನಿ ಹೆನ್ನಿಗ್ ಕೂಡ ಮೋಸ ಹೋಗಿದ್ದರಲ್ಲ?' ಹೌದು. ಬಾಲ್ಟಿಕ್ ಅಂಬರಿನ ಒಂದು ನೊಣ ಈಗಿನ ಕಕ್ಕಸು ನೊಣವೇ ಅಂತ 1966ರಲ್ಲಿ ಬರೆದರು. 1993ರಲ್ಲಿ ದೀಪದ ಬಿಸಿಗೆ ಅಂಬರಿನಲ್ಲಿ ಬಿರುಕು ಕಾಣಿಸಿತು. ಯಾರೋ ಅಂಬರನ್ನು ಸೀಳಿ, ಟೊಳ್ಳು ಮಾಡಿ, ಈಗಿನ ನೊಣ ತುರುಕಿದ್ದರು. ಅಂದರೆ ನೊಣದ ಹೆಸರು ಸರಿಯಾಗಿಯೇ ಇತ್ತು! ಸುಳ್ಳು ಹೇಳಿದ್ದು ಅಂಬರು. ಗೆದ್ದಿದ್ದು ಯಾರು? ನಾನೇ.

ಇದು ಬರೀ ಹೆಸರಿನ ಜಗಳ ಅಲ್ಲ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಗಣಿಯಲ್ಲಿ ಸಿಕ್ಕ ಅಂಬರು 5 ಕೋಟಿ ವರ್ಷಕ್ಕೂ ಹಳೆಯದು. ನಮ್ಮ ಘಟ್ಟದ ಧೂಪದ ಮರದ ಕುಟುಂಬದ ಮರಗಳ ರಾಳ ಅದು. ಅದರೊಳಗಿನ ಹುಳಗಳ ನಂಟರು ಯುರೋಪ್, ಅಮೆರಿಕದಲ್ಲೂ ಸಿಕ್ಕಿದರು. ಹಾಗಾಗಿ 2010ರಲ್ಲಿ, ಆ ಕಾಲದ ಭಾರತ ಅಂದುಕೊಂಡಷ್ಟು ಒಂಟಿ ದ್ವೀಪ ಆಗಿರಲಿಲ್ಲ ಅಂದರು. ಹುಳದ ಕುಟುಂಬ ತಪ್ಪಿದರೆ ಖಂಡದ ಕಥೆಯೇ ತಪ್ಪುತ್ತದೆ, ಅಲ್ವಾ?

'ಮುಂದೆ ಎಐ ಎಲ್ಲ ಮಾಡುತ್ತದೆ ಸಾರ್.' ಮಾಡಲಿ! ಅದಕ್ಕೂ ಸೊಂಟವನ್ನೇ ತೋರಿಸಿ! ಇನ್ನೂ ಮೂರು ಪಾಯಿಂಟ್ ಬರೆದುಕೊಂಡಿದ್ದೆ... ಹಾಳೆ ಎಲ್ಲಿ ಹೋಯಿತೋ. ಬೇಡ ಬಿಡಿ, ಮೂರರಲ್ಲೂ ಸೊಂಟವೇ ಇತ್ತು. ಕಣಜದ ಸೊಂಟದ ಚಿತ್ರ ಇರುವ ಕಾಫಿ ಮಗ್ ಮಾಡಿಸಿದ್ದೇವೆ, ಲಿಂಕ್ ಕೆಳಗಿದೆ. ಗೆಣ್ಣು ಎರಡೇ ಇವೆ, ಎಣಿಸಿಯೇ ತಗೊಳ್ಳಿ.