ಮೈ ಒಣಗಿರಲಿ

ಕೇಳುಗರಿಗೆ ನಮಸ್ಕಾರ. ಚಳಿಗಾಲದ ಹಿಮಾಲಯ ಚಾರಣದ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದು ಧಾರವಾಡ ಆಕಾಶವಾಣಿಯವರು ಕರೆದಿದ್ದಾರೆ. ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಂಡು ಕುಳಿತವರು ಯಾರು ಎಂಬ ಅಂದಾಜು ನನಗಿದೆ. ಗೆಳೆಯರೊಂದಿಗೆ ಡಿಸೆಂಬರ್ ರಜೆಗೆ ಟಿಕೆಟ್ ತೆಗೆಸಿರುವ ನವಲಗುಂದದ ಹುಡುಗ, ಅವನ ಬುತ್ತಿಗೆಂದು ಈಗಲೇ ರೊಟ್ಟಿ ಬಡಿಯುತ್ತಿರುವ ಅವನ ತಾಯಿ, ಐವತ್ತು ದಾಟಿದ ಮೇಲೆ ಒಮ್ಮೆ ಹಿಮ ತುಳಿದೇ ಬಿಡೋಣ ಎಂದು ಹೊರಟಿರುವ ಬ್ಯಾಂಕಿನ ನೌಕರರು. ನಿಮ್ಮೆಲ್ಲರಿಗೂ ನಾನು ಹೇಳಲು ಬಂದಿರುವುದು ಒಂದೇ ಮಾತು: ಮೈ ಒಣಗಿರಲಿ.

ಇದೇನು ಮಹಾ ಮಾತು ಎನ್ನಬೇಡಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಪಾಠ ಮಾಡುವ ಚಟ ಹೋಗಿಲ್ಲ. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಹರವಿಯ ನೀರು ತಣ್ಣಗಿರುವುದು ಏಕೆ? ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಬೆವರಿ ತೊಯ್ದ ಬನಿಯನ್ ತೊಟ್ಟು ಹಿಮದ ಗಾಳಿಗೆ ನಿಂತರೆ ನೀವೇ ಒಂದು ಹರವಿ. ಸಾಲದ್ದಕ್ಕೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಒಣ ಮೈಯವನು ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗೂ ನಗುತ್ತಾ ಚಹಾ ಕುಡಿಯುತ್ತಾನೆ. ಒದ್ದೆ ಮೈಯವನ ಕೈಯಲ್ಲಿ ಲೋಟ ನಿಲ್ಲುವುದಿಲ್ಲ.

ಆದ್ದರಿಂದ ಹತ್ತಿ ಬಟ್ಟೆ ಬೇಡ. ಈ ಮಾತನ್ನು ಈ ಊರಿನಲ್ಲಿ ಕುಳಿತು ಹೇಳಲು ನನಗೂ ಸಂಕೋಚ. ಹುಬ್ಬಳ್ಳಿ ಬೆಳೆದದ್ದೇ ಹತ್ತಿಯ ವ್ಯಾಪಾರದಿಂದ. ಜಯಧರ ಎಂಬ ಹತ್ತಿಯ ತಳಿ ಬಂದದ್ದು ಧಾರವಾಡದಿಂದ. ಗರಗದ ಖಾದಿ, ಬೆಂಗೇರಿಯಲ್ಲಿ ಹೊಲಿಯುವ ರಾಷ್ಟ್ರಧ್ವಜ ನಮ್ಮ ಹೆಮ್ಮೆ. ಆದರೂ ಹತ್ತಿ ನೀರು ಹೀರಿದರೆ ಬೇಗ ಬಿಡುವುದಿಲ್ಲ. ಉಣ್ಣೆ ಹಾಗಲ್ಲ, ತೊಯ್ದರೂ ಒಂದಿಷ್ಟು ಬೆಚ್ಚಗಿರುತ್ತದೆ. ಇದನ್ನು ಕಲಿಯಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಹಾವೇರಿ, ರಾಣೆಬೆನ್ನೂರು ಕಡೆಯ ಕುರಿಗಾಹಿಗಳು ಜಡಿಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ದಿನವಿಡೀ ಅಡವಿಯಲ್ಲಿ ನಿಲ್ಲುತ್ತಾರೆ; ಧೋತರ ಹೊದ್ದು ನಿಂತ ಕುರಿಗಾಹಿಯನ್ನು ನೀವು ಕಂಡಿದ್ದೀರಾ?

ನಮ್ಮ ಸಾಹುಕಾರರ ಕಥೆ ಹೇಳುತ್ತೇನೆ. ಗೆಳೆಯರು, ಹೆಸರು ಬೇಡ, ಅವರೂ ಈಗ ಕೇಳುತ್ತಿರಬಹುದು. ಹತ್ತಿಯ ದಲಾಲಿ ಅಂಗಡಿಯ ಮನೆತನ. ಕೆಲವು ವರ್ಷಗಳ ಹಿಂದೆ ನಾವು ಆರು ಜನ ಕೇದಾರಕಂಠಕ್ಕೆ ಹೊರಟೆವು. ಡೆಹ್ರಾಡೂನಿನಿಂದ ಪುರೋಲಾ, ಮೋರಿ ದಾಟಿ ಸುಮಾರು 200 ಕಿಲೋಮೀಟರ್ ಹೋದರೆ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಎಂಬ ಹಳ್ಳಿ. ಏರುವುದು ಅಲ್ಲಿಂದ. ಶಿಖರದ ಎತ್ತರ ಸುಮಾರು 3,800 ಮೀಟರ್. ನಮ್ಮ ಧಾರವಾಡ 750ರ ಆಸುಪಾಸಿನಲ್ಲಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ, ಲೆಕ್ಕ ನೀವೇ ಹಾಕಿಕೊಳ್ಳಿ.

ಸಾಹುಕಾರರು ಲೆಕ್ಕ ಹಾಕಿಯೇ ಬಂದಿದ್ದರು. ಒಳಗೆ ಹತ್ತಿಯ ಬನಿಯನ್, ಮೇಲೆ ಅಂಗಿ, ಅದರ ಮೇಲೆ ಎರಡು ಸ್ವೆಟರ್, ಎಲ್ಲಕ್ಕೂ ಮೇಲೆ ದುರ್ಗದಬೈಲಿನಲ್ಲಿ ಕೊಂಡ ದಪ್ಪ ಜಾಕೆಟ್. ಇಷ್ಟನ್ನೂ ತೊಟ್ಟು ದೇವದಾರು, ಪೈನ್ ಮರಗಳ ನಡುವಿನ ಏರುದಾರಿಯಲ್ಲಿ ಎಲ್ಲರಿಗಿಂತ ಮುಂದೆ. ಮಾರ್ಗದರ್ಶಕನಾಗಿ ಬಂದಿದ್ದ ಸಾಂಕ್ರಿಯ ಹುಡುಗ ಎರಡು ಸಲ ಹೇಳಿದ, "ಸ್ವೆಟರ್ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ." ನಾನೂ ಹೇಳಿದೆ. "ಬಿಚ್ಚಿದರೆ ಚಳಿ ಹತ್ತುತ್ತದೆ ಮಾಸ್ತರರೇ, ನಿಮ್ಮ ಪಾಠ ನಿಮ್ಮ ಹುಡುಗರಿಗೆ ಇರಲಿ" ಎಂದರು. ಹತ್ತಲಿ! ಹೊರಡುವಾಗ ಸ್ವಲ್ಪ ಚಳಿ ಎನಿಸಲೇಬೇಕು. ನೂರು ಹೆಜ್ಜೆ ನಡೆದರೆ ಅದು ತಾನಾಗಿ ಹೋಗುತ್ತದೆ.

ಜುಡಾ ಕಾ ತಾಲಾಬ್ ಎಂಬ ಕೆರೆಯ ದಂಡೆಗೆ ಬಂದೆವು. ಕೆರೆ ಹೆಪ್ಪುಗಟ್ಟಿತ್ತು. ನಮ್ಮ ಕೆಲಗೇರಿ ಕೆರೆ ಒಂದು ಬೆಳಗ್ಗೆ ಗಾಜಾದರೆ ಹೇಗಿರುತ್ತದೆಯೋ ಹಾಗೆ. ಸಾಹುಕಾರರು ಕಲ್ಲಿನ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳತೊಡಗಿದರು. ಬಿಸಿಲು ಬೆಟ್ಟದಾಚೆ ಸರಿಯಿತು. ಗಾಳಿ ಎದ್ದಿತು. ಕಾಲು ಗಂಟೆಯೂ ಆಗಿರಲಿಲ್ಲ, ಹಲ್ಲು ಕಟಕಟ ಎನ್ನತೊಡಗಿದವು. ಊಟ ಏನು ಮಾಡೋಣ ಎಂದು ಕೇಳಿದರೆ ತೊದಲುತ್ತಾ ಯಾವುದೋ ಹಳೆಯ ಸೀಸನ್ನಿನ ಹತ್ತಿಯ ದರ ಹೇಳಿದರು. ಉಳಿದವರು ನಕ್ಕರು. ಆ ಹುಡುಗ ನಗಲಿಲ್ಲ. ಚಳಿಯಲ್ಲಿ ಮಾತು ತೊದಲಿದರೆ ಶರೀರದ ಒಳಗಿನ ಶಾಖವೇ ಇಳಿಯುತ್ತಿದೆ ಎಂದು ಅರ್ಥ.

ಅವನು ಅವರನ್ನು ಡೇರೆಯೊಳಗೆ ಎಳೆದುಕೊಂಡು ಹೋಗಿ ಮೊದಲು ಬಟ್ಟೆ ಬಿಚ್ಚಿಸಿದ. ಚಹಾ ಆಮೇಲೆ, ಬೆಂಕಿ ಆಮೇಲೆ, ಮೊದಲು ಬಟ್ಟೆ. ಬನಿಯನ್ ಬಿಡಲು ಸಾಹುಕಾರರು ಒಪ್ಪಲಿಲ್ಲ. ಅದು ಅವರ ಮರ್ಯಾದೆಯ ಪ್ರಶ್ನೆಯಾಗಿತ್ತು. ನಾವಿಬ್ಬರು ಹಿಡಿದುಕೊಂಡು ಬಿಚ್ಚಿದೆವು. ಹಿಂಡಿದಾಗ ಅದರಿಂದ ನೀರು ಸುರಿಯಿತು! ಮೈ ಒರೆಸಿ, ನನ್ನ ಒಣ ಉಣ್ಣೆಯ ಅಂಗಿ ತೊಡಿಸಿ, ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ, ಬಿಸಿ ಬೆಲ್ಲದ ನೀರು ಕುಡಿಸಿದೆವು. ಮುಕ್ಕಾಲು ಗಂಟೆಯ ನಂತರ ಅವರು ಕೇಳಿದ ಮೊದಲ ಪ್ರಶ್ನೆ: "ನನ್ನ ಬನಿಯನ್ ಎಲ್ಲಿ?"

ಡೇರೆಯ ಹಗ್ಗದ ಮೇಲಿತ್ತು. ಬೆಳಗ್ಗೆ ನೋಡಿದರೆ ಕಡಕ್ ರೊಟ್ಟಿ. ಬೆರಳಿನಿಂದ ಬಡಿದರೆ ಟಣ್ ಎನ್ನುತ್ತಿತ್ತು. ಮಡಚಲು ಬಾರದೆ, ಸಾಹುಕಾರರು ಅದನ್ನು ಶಾಲೆಗೆ ಹೋಗುವ ಹುಡುಗ ಪಾಟಿ ಹಿಡಿದಂತೆ ಕಂಕುಳಲ್ಲಿ ಹಿಡಿದುಕೊಂಡು ಮುಂದಿನ ಠಾಣ್ಯದವರೆಗೆ ನಡೆದರು. ಮರುದಿನ ನಸುಕಿನ ಮೂರಕ್ಕೆ ಎದ್ದು, ನನ್ನ ಅಂಗಿಯಲ್ಲೇ ಶಿಖರ ಏರಿದರು. ಸ್ವರ್ಗಾರೋಹಿಣಿ, ಬಂದರಪೂಂಛ್ ಶಿಖರಗಳಿಗೆ ಬಿಸಿಲು ತಾಗುವುದನ್ನು ನೋಡಿದರು. ಅಂಗಿ ಇನ್ನೂ ವಾಪಸು ಬಂದಿಲ್ಲ.

ಗಾಜಿನಾಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆಯಂತೆ. ಉಳಿದದ್ದನ್ನು ಓಡಿಸುತ್ತೇನೆ. ಶಿಖರದ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಮೂರನೆಯ ಎರಡು ಪಾಲಿನಷ್ಟೂ ಇರುವುದಿಲ್ಲ, ಆದ್ದರಿಂದ ನಿಧಾನವಾಗಿ ಏರಿ. ತಲೆನೋವು, ವಾಂತಿ ಬಂದರೆ ಮುಚ್ಚಿಡದೆ ಹೇಳಿ. ಹೆಚ್ಚಾದರೆ ಇಳಿಯಿರಿ, ಬೇರೆ ಔಷಧ ಹುಡುಕುತ್ತಾ ಕೂರಬೇಡಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ. ಹಿಮದ ಬೆಳಕಿಗೆ ಕಪ್ಪು ಕನ್ನಡಕ ಬೇಕು. ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಸಾಯುತ್ತದೆ, ಒಳಕಿಸೆಯಲ್ಲಿಡಿ. ಹೊರಡುವ ಎರಡು ತಿಂಗಳು ಮೊದಲೇ, ಹುಬ್ಬಳ್ಳಿಯವರು ನೃಪತುಂಗ ಬೆಟ್ಟವನ್ನೂ ಗದಗಿನವರು ಕಪ್ಪತಗುಡ್ಡವನ್ನೂ ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಿ ಇಳಿಯಿರಿ, ಹೊಸ ಬೂಟನ್ನು ಅಲ್ಲಿಯೇ ಪಳಗಿಸಿ.

ರೊಟ್ಟಿ ಬಡಿಯುತ್ತಿರುವ ತಾಯಿಯವರೇ, ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ಕಟ್ಟಿಕೊಡಿ, ಕೆಡುವುದಿಲ್ಲ. ಜೊತೆಗೆ ಒಂದು ಜೋಡಿ ಉಣ್ಣೆಯ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಇಡಿ. ರಾತ್ರಿ ಮಲಗುವಾಗ ಮಾತ್ರ ತೊಡುವಂಥದ್ದು, ಹಗಲು ಮುಟ್ಟುವಂತಿಲ್ಲ ಎಂದು ಹೇಳಿ ಕಳಿಸಿ. ಹತ್ತಿಯ ಬನಿಯನ್ ಬೇಕೇ ಬೇಕು ಎಂದು ಮಗ ಹಟ ಹಿಡಿದರೆ ಒಂದನ್ನು ಇಟ್ಟುಕೊಡಿ. ಅದನ್ನು ಸಾಂಕ್ರಿಯ ಕೋಣೆಯಲ್ಲಿ ಬಿಟ್ಟು ಹೋಗಿ, ಇಳಿದು ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ತೊಟ್ಟುಕೊಳ್ಳಲಿ. ನಮಸ್ಕಾರ.