ತೂತಿನ ಹೊದಿಕೆಯ ಸುಳ್ಳು, ಯೆಹೂದಿ ದಾಂಪತ್ಯದ ಕಟ್ಟಳೆ

ಕೇಳುಗರಿಗೆ ನಮಸ್ಕಾರ.

ಸಂಪ್ರದಾಯಸ್ಥ ಯೆಹೂದಿಗಳ ಬಗ್ಗೆ ಒಂದು ಸುದ್ದಿ ಊರೂರು ಸುತ್ತುತ್ತಲೇ ಇದೆ. ಗಂಡ ಹೆಂಡತಿ ಕೂಡುವಾಗ ನಡುವೆ ಬಿಳಿ ಹೊದಿಕೆ ಇರುತ್ತದಂತೆ, ಅದರಲ್ಲೊಂದು ತೂತಂತೆ, ಮೈಗೆ ಮೈ ತಾಗಲೇಬಾರದಂತೆ. ಇದು ಶುದ್ಧ ಸುಳ್ಳು. ಅದೂ ಅವರ ಧರ್ಮಶಾಸ್ತ್ರ ಹೇಳುವುದಕ್ಕೆ ನೇರ ವಿರುದ್ಧವಾದ ಸುಳ್ಳು.

ಯೆಹೂದಿ ಪಂಡಿತರ ಹಳೆಯ ಶಾಸ್ತ್ರಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನ ಕೆತುಬೋತ್ ಭಾಗದಲ್ಲಿ ರವ್ ಹೂನಾ ಎಂಬ ಪಂಡಿತನ ತೀರ್ಪಿದೆ. 'ನಾನೂ ಬಟ್ಟೆ ತೊಟ್ಟಿರಬೇಕು, ಅವಳೂ ತೊಟ್ಟಿರಬೇಕು, ಇಲ್ಲದಿದ್ದರೆ ಕೂಡುವುದಿಲ್ಲ' ಎಂದು ಗಂಡ ಹಟ ಹಿಡಿದರೆ ಅವನು ವಿಚ್ಛೇದನ ಕೊಡಬೇಕು. ಮದುವೆಯ ಕರಾರಿನಲ್ಲಿ, ಅಂದರೆ ಕೆತುಬ್ಬಾದಲ್ಲಿ, ಬರೆದುಕೊಟ್ಟ ಹಣವನ್ನೂ ಎಣಿಸಬೇಕು. 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ, ಯೋಸೆಫ್ ಕಾರೋ ಬರೆದ ಶುಲ್ಹಾನ್ ಆರೂಖ್ ಎಂಬ ಕಟ್ಟಳೆಗಳ ಗ್ರಂಥ ಕೂಡ ಇದನ್ನೇ ಎತ್ತಿಹಿಡಿಯುತ್ತದೆ. ಸಂಪ್ರದಾಯಸ್ಥರು ಇಂದಿಗೂ ತೆರೆದು ನೋಡುವುದು ಆ ಗ್ರಂಥವನ್ನೇ.

ಹಾಗಾದರೆ ತೂತು ಎಲ್ಲಿಂದ ಬಂತು? ಸಾಮಾನ್ಯವಾಗಿ ಕೊಡುವ ವಿವರಣೆ ನಂಬುವಂಥದ್ದೇ. ಗಂಡಸರು ಅಂಗಿಯೊಳಗೆ ತಾಲ್ಲಿತ್ ಕಾತಾನ್ ಎಂಬ ಬಟ್ಟೆ ಹಾಕುತ್ತಾರೆ. ಉದ್ದನೆಯ ಬಿಳಿ ತುಂಡು, ನಾಲ್ಕು ಮೂಲೆಗೂ ದಾರದ ಗೊಂಡೆ, ನಡುವೆ ತಲೆ ತೂರಿಸಲು ಕಂಡಿ. ಒಗೆದು ಹಗ್ಗದ ಮೇಲೆ ಒಣಹಾಕಿದ್ದನ್ನು ಪಕ್ಕದ ಮನೆಯವರು ನೋಡಿರಬೇಕು. ಉಳಿದದ್ದನ್ನು ಅವರ ಕಲ್ಪನೆಯೇ ಹೆಣೆದಿರಬೇಕು.

ಸಂಕೋಚದ ನಿಯಮಗಳೇ ಇಲ್ಲವೆಂದಲ್ಲ. ದೀಪದ ಬೆಳಕಿನಲ್ಲಿ ಕೂಡಬಾರದು, ಹಗಲಾದರೆ ಕೋಣೆ ಕತ್ತಲು ಮಾಡಿಕೊಳ್ಳಬೇಕು. ರಬ್ಬಿ, ಅಂದರೆ ಧರ್ಮಗುರು, ಎಲಿಯೆಜರ್ 'ಒಂದು ಅಂಗೈಯಗಲ ತೆರೆದು ಒಂದು ಅಂಗೈಯಗಲ ಮುಚ್ಚುತ್ತಿದ್ದ' ಎಂದು ಅವನ ಹೆಂಡತಿ ಇಮ್ಮಾ ಶಾಲೋಮ್ ಹೇಳಿದ್ದು ತಾಲ್ಮುದ್‌ನ ನೆದಾರಿಮ್ ಭಾಗದಲ್ಲಿ ಬರುತ್ತದೆ. ಆದರೆ ಗಂಡ ಹೆಂಡತಿ ತಮಗೆ ಬೇಕಾದಂತೆ ಇರಬಹುದು ಎಂದು ಉಳಿದ ಪಂಡಿತರು ತೀರ್ಮಾನಿಸಿದ್ದೂ ಅದೇ ಪುಟದಲ್ಲಿದೆ. ಗಾಳಿಸುದ್ದಿ ಹರಡುವವರು ಅಷ್ಟು ದೂರ ಓದುವುದಿಲ್ಲ.

ಈ ಶಾಸ್ತ್ರದಲ್ಲಿ ಕೂಟವೆಂಬುದು ಗಂಡನು ಹೆಂಡತಿಗೆ ತೀರಿಸಬೇಕಾದ ಬಾಕಿ. ಯೆಹೂದಿಗಳ ಮೂಲ ಧರ್ಮಗ್ರಂಥವಾದ ಟೋರಾದ ವಿಮೋಚನಕಾಂಡ 21ನೇ ಅಧ್ಯಾಯದಲ್ಲಿ ಅನ್ನ, ಬಟ್ಟೆ, ದಾಂಪತ್ಯದ ಹಕ್ಕು ಮೂರನ್ನೂ ಒಟ್ಟಿಗೇ ಹೇಳಿದೆ. ತಾಲ್ಮುದ್‌ಗೆ ಬುನಾದಿಯಾದ ಕಟ್ಟಳೆಗಳ ಸಂಗ್ರಹ ಮಿಶ್ನಾ ಇದಕ್ಕೆ ಕಸುಬಿನ ಪ್ರಕಾರ ಲೆಕ್ಕ ಕಟ್ಟಿತು. ದುಡಿಯುವ ಅಗತ್ಯವಿಲ್ಲದವನು ದಿನವೂ, ಕೂಲಿಯವನು ವಾರಕ್ಕೆ 2 ಸಲ, ಕತ್ತೆ ಹೊಡೆಯುವವನು ವಾರಕ್ಕೊಮ್ಮೆ, ಒಂಟೆಯವನು 30 ದಿನಕ್ಕೊಮ್ಮೆ, ನಾವಿಕ 6 ತಿಂಗಳಿಗೊಮ್ಮೆ. ಇದು ಕನಿಷ್ಠ ಮಿತಿ. ಹೆಚ್ಚು ಸಂಪಾದನೆಯ ಆಸೆಗೆ ಕತ್ತೆ ಬಿಟ್ಟು ಒಂಟೆ ಹಿಡಿಯುವುದಾದರೆ ಗಂಡ ಮೊದಲು ಹೆಂಡತಿಯನ್ನು ಕೇಳಬೇಕು. ಹಣ ಕಡಿಮೆಯಾದರೂ ಗಂಡ ಮನೆಯಲ್ಲಿರಲಿ ಎನ್ನುವವಳೇ ಹೆಚ್ಚು ಎಂಬುದು ತಾಲ್ಮುದ್‌ನ ಅಂದಾಜು.

ಹೆಂಡತಿ ಬೇಡ ಎನ್ನುವಂತಿಲ್ಲ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಬಲವಂತ ಮಾಡಬಾರದೆಂದು ತಾಲ್ಮುದ್‌ನ ಎರುವಿನ್ ಭಾಗದಲ್ಲಿ ಸ್ಪಷ್ಟವಾಗಿದೆ. 'ಅವನು ನನಗೆ ಹೇಸಿಗೆ' ಎಂದು ಹೆಂಡತಿ ಹೇಳಿದರೆ ವಿಚ್ಛೇದನಕ್ಕೆ ಗಂಡನನ್ನು ಒತ್ತಾಯಿಸಬೇಕು, ಏಕೆಂದರೆ ಅವಳೇನೂ ಸೆರೆಯಾಳಲ್ಲ ಎಂದು 12ನೇ ಶತಮಾನದ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಬರೆದ. ನಂತರದ ಅನೇಕರು ಅವನಷ್ಟು ಮುಂದೆ ಹೋಗಲಿಲ್ಲ. ಇಬ್ಬರಿಗೂ ಸಮಾನ ನ್ಯಾಯವಿತ್ತು ಎಂದೂ ಹೇಳಲಾಗದು. ಕಾರಣವಿಲ್ಲದೆ ನಿರಾಕರಿಸಿದ ಹೆಂಡತಿಯ ಕೆತುಬ್ಬಾದಿಂದ ಮಿಶ್ನಾ ವಾರಕ್ಕೆ 7 ದಿನಾರ್ (ಆ ಕಾಲದ ನಾಣ್ಯ) ಕಳೆಯುತ್ತದೆ. ಗಂಡ ನಿರಾಕರಿಸಿದರೆ ಸೇರುವುದು 3 ದಿನಾರ್ ಮಾತ್ರ. ಕನ್ಯೆಯ ಕೆತುಬ್ಬಾ 200 ದಿನಾರ್. ಈ ಲೆಕ್ಕದಲ್ಲಿ 29 ವಾರಕ್ಕೆ ಅದು ಬರಿದು. ಮೇಲಾಗಿ ವಿಚ್ಛೇದನ ಪತ್ರ ಕೊಡುವ ಅಧಿಕಾರ ಗಂಡನದೇ. ಇದರಿಂದ ಇಂದಿಗೂ ವರ್ಷಗಟ್ಟಲೆ ಬಿಡುಗಡೆಯಿಲ್ಲದೆ ಸಿಕ್ಕಿಬಿದ್ದ ಹೆಂಗಸರಿದ್ದಾರೆ.

ವಾರದ ವಿಶ್ರಾಂತಿ ದಿನವಾದ ಶಬ್ಬತ್‌ನಂದು, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ, ಕೂಡಬಾರದೆಂಬ ಮಾತೂ ಸುಳ್ಳು. ಶುಕ್ರವಾರದ ರಾತ್ರಿ ವಿದ್ವಾಂಸರಿಗೆ ಗೊತ್ತುಮಾಡಿದ ರಾತ್ರಿಯೇ. ಬೇಡವೆಂದಿರುವುದು ಯೋಮ್ ಕಿಪ್ಪೂರ್, ತಿಶಾ ಬೆಆವ್ ಉಪವಾಸಗಳಂದು ಮತ್ತು ಸಾವಿನ ಸೂತಕದ 7 ದಿನ.

ಇನ್ನು ಮುಟ್ಟಿನ ವಿಷಯ. ನಮ್ಮಲ್ಲಿ 'ಹೊರಗೆ ಕೂರುವುದು' ಎಂದ ಕೂಡಲೇ ಕಣ್ಣಮುಂದೆ ಬರುವುದನ್ನು ಇಲ್ಲಿಗೆ ತರಬೇಡಿ. ಆ ದಿನಗಳಲ್ಲೂ ಅವಳು ಅಡುಗೆ ಮಾಡುತ್ತಾಳೆ, ಮನೆಯವರ ಜೊತೆಗೇ ಉಣ್ಣುತ್ತಾಳೆ. ದೂರವಿರಬೇಕಾದದ್ದು ಗಂಡನಿಂದ ಮಾತ್ರ. ಅವನ ಕಣ್ಣೆದುರು ಹಾಸಿಗೆ ಹಾಸಬಾರದು, ಅವನಿಗೆ ಪಾನೀಯ ಬೆರೆಸಿ ಕೊಡಬಾರದು, ಮುಖ ಕೈಕಾಲು ತೊಳೆಯಲು ನೀರು ಕೊಡಬಾರದು, ಮುಟ್ಟಬಾರದು.

ದೂರವಿರುವ ದಿನಗಳ ಲೆಕ್ಕ ಹೀಗೆ. ಸ್ರಾವ ಶುರುವಾದಂದಿನಿಂದ ಕನಿಷ್ಠ 5 ದಿನ. ಸ್ಪೇನ್ ಮೂಲದ ಸೆಫಾರ್ದಿ ಯೆಹೂದಿಗಳ ಕೆಲವು ಸಂಪ್ರದಾಯಗಳಲ್ಲಿ 4. ಸ್ರಾವ ನಿಂತ ಮೇಲೆ ಸೂರ್ಯ ಮುಳುಗುವ ಮುನ್ನ ಮೆತ್ತನೆಯ ಬಿಳಿ ಬಟ್ಟೆಯಿಂದ ಒಳಗೆ ಒರೆಸಿ ನೋಡಬೇಕು. ಬಟ್ಟೆ ಶುದ್ಧವಾಗಿ ಬಂದರೆ ಮರುದಿನದಿಂದ 7 ಶುದ್ಧ ದಿನ, ಬೆಳಗ್ಗೆ ಸಂಜೆ ಪರೀಕ್ಷೆ. ನಡುವೆ ರಕ್ತ ಕಂಡರೆ ಎಣಿಕೆ ಮೊದಲಿನಿಂದ. ಆದರೆ ಒಳಉಡುಪಿನ ಮೇಲೆ ಕಂಡ ಕಲೆ ಸುಮಾರು 19 ಮಿಲಿಮೀಟರ್ ಅಗಲಕ್ಕಿಂತ ಚಿಕ್ಕದಾದರೆ, ಅಥವಾ ಉಡುಪು ಬಣ್ಣದ್ದಾದರೆ, ಲೆಕ್ಕಕ್ಕಿಲ್ಲ. ಪರೀಕ್ಷೆಯ ಬಟ್ಟೆಗೆ ಈ ರಿಯಾಯಿತಿ ಇಲ್ಲ. ಕಂದು ಬಣ್ಣದ ಕಲೆ ಕಂಡ ಎಷ್ಟೋ ಹೆಂಗಸರು ಕೇಳಲು ನಾಚಿ ಸುಮ್ಮನೆ ಎಣಿಕೆ ಮತ್ತೆ ಶುರುಮಾಡುತ್ತಾರೆ. ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ. ಇಂಥ ಪ್ರಶ್ನೆಗಳಿಗೆಂದೇ ಜೆರುಸಲೇಮಿನ ನಿಶ್ಮತ್ ಸಂಸ್ಥೆ 1990ರ ದಶಕದ ಕೊನೆಯಿಂದ ಹೆಂಗಸರಿಗೇ ತರಬೇತಿ ಕೊಡುತ್ತಿದೆ.

ಏಳನೆಯ ದಿನ ಕತ್ತಲಾದ ಮೇಲೆ ಮಿಕ್ವೆಯಲ್ಲಿ, ಅಂದರೆ ಶುದ್ಧಿಸ್ನಾನದ ಕೊಳದಲ್ಲಿ, ಮುಳುಗಬೇಕು. ಆಮೇಲೆಯೇ ಗಂಡ ಹೆಂಡತಿ ಕೂಡಬಹುದು. ಕೊಳೆ ತೊಳೆಯುವ ಕೆಲಸ ಮನೆಯಲ್ಲೇ ಮುಗಿದಿರಬೇಕು: ಸ್ನಾನ, ಕೂದಲಿನ ಸಿಕ್ಕು ಬಿಡಿಸುವುದು, ಹಲ್ಲುಜ್ಜುವುದು, ಉಗುರು ಕತ್ತರಿಸುವುದು. ಉಂಗುರ, ಉಗುರುಬಣ್ಣ, ಕಾಂಟ್ಯಾಕ್ಟ್ ಲೆನ್ಸ್ ತೆಗೆಯಬೇಕು. ನೀರಿಗೂ ಮೈಗೂ ನಡುವೆ ಏನೂ ಅಡ್ಡ ಇರಕೂಡದು. ತಪ್ಪಾಗುವುದು ಸಣ್ಣ ಸಂಗತಿಗಳಲ್ಲಿ. ತುಟಿ ಬಿಗಿಹಿಡಿದರೆ ಮುಳುಗದಂತೆಯೇ ಎಂದು ಮಿಶ್ನಾ ಹೇಳುತ್ತದೆ. ಒಂದು ಎಳೆ ಕೂದಲು ಮೇಲೆ ತೇಲಿದರೂ ಪಕ್ಕದಲ್ಲಿ ನಿಂತ ಹೆಂಗಸು ಮತ್ತೆ ಮುಳುಗಿಸುತ್ತಾಳೆ. ನೀರು 40 ಸೆಆ (ಹಳೆಯ ಅಳತೆ) ಇರಬೇಕು: ಒಂದು ಲೆಕ್ಕದಲ್ಲಿ ಸುಮಾರು 332 ಲೀಟರ್, ಇನ್ನೊಂದರಲ್ಲಿ 573. ಅದು ಮಳೆಯ ಅಥವಾ ನೆಲದ ಸಹಜ ನೀರಾಗಿರಬೇಕು, ಪಾತ್ರೆಯಲ್ಲಿ ಸೇದಿ ತುಂಬಿದ್ದಲ್ಲ. ಮಳೆನೀರಿನ ತೊಟ್ಟಿ ಪಕ್ಕದಲ್ಲಿರುತ್ತದೆ. ಗೋಡೆಯ ಕಂಡಿಯಲ್ಲಿ ಅದರ ನೀರು ತಾಗಿದರೆ ನಲ್ಲಿಯ ಬಿಸಿನೀರಿನ ಕೊಳವೂ ಸಲ್ಲುತ್ತದೆ.

ಮಕ್ಕಳಾಗದ ದಂಪತಿಗೆ ಈ ಲೆಕ್ಕವೇ ಅಡ್ಡಿಯಾಗುವುದುಂಟು. 5 ಮತ್ತು 7 ಸೇರಿ 12. ಅಂದರೆ ಬೇಗವೆಂದರೂ ಕೂಡುವುದು 12ನೇ ದಿನ ಮುಗಿದ ರಾತ್ರಿ. ಮುಟ್ಟಿನ ಅಂತರ ಕಡಿಮೆಯಿದ್ದವಳಿಗೆ 10 ಅಥವಾ 11ನೇ ದಿನವೇ ಅಂಡ ಬಿಡುಗಡೆಯಾಗುತ್ತದೆ, ಅದರ ಆಯುಸ್ಸು ಒಂದು ದಿನದೊಳಗೆ. ಇಬ್ಬರ ತಪಾಸಣೆಯೂ ಸರಿಯಿದ್ದು ಗರ್ಭ ನಿಲ್ಲದಿದ್ದರೆ ಇದನ್ನು ಮೊದಲು ನೋಡಬೇಕು. ಮುಟ್ಟಿನ ತಾರೀಕು, ಮಿಕ್ವೆಯ ತಾರೀಕು, ಅಂಡೋತ್ಪತ್ತಿಯ ಪರೀಕ್ಷೆಯ ಫಲಿತಾಂಶವನ್ನು ಕೆಲವು ತಿಂಗಳು ಬರೆದಿಟ್ಟರೆ ಗೊತ್ತಾಗುತ್ತದೆ. ವೈದ್ಯರು ಈಸ್ಟ್ರೊಜೆನ್ ಕೊಟ್ಟು ಅಂಡೋತ್ಪತ್ತಿಯನ್ನು ಮುಂದೂಡುತ್ತಾರೆ. ರೂಢಿಯಿಂದ ಬಂದ ಮೊದಲ 5 ದಿನಗಳಲ್ಲಿ ವಿನಾಯಿತಿ ಕೊಡಬಹುದೇ ಎಂದು ರಬ್ಬಿಗಳು ಆಯಾ ದಂಪತಿಯ ಸ್ಥಿತಿ ನೋಡಿ ಹೇಳುತ್ತಾರೆ. 7ರ ಎಣಿಕೆಯಲ್ಲಿ ಮಾತ್ರ ರಿಯಾಯಿತಿ ಇಲ್ಲ.

ನಮಸ್ಕಾರ.